ಹತ್ತು ಮೊಳೆ, ಮೂರು ಬಣ್ಣದ ದಾರ: ದೇಶಗಳ ಪಟ್ಟಿಯನ್ನು ಗೋಡೆಗೆ ಹಾಕಿದ ನನ್ನ ಅನುಭವ

ನಾನು ತಿಪಟೂರಿನಲ್ಲಿ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಹೇಳುತ್ತೇನೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನ ಪಕ್ಕದ ಗೋಡೆಯಲ್ಲಿ ಒಂದು ಪ್ಲೈವುಡ್ ಹಲಗೆ ಇದೆ. ಮೇಲಿಂದ ಕೆಳಕ್ಕೆ ಹತ್ತು ಮೊಳೆ. ಒಂದೊಂದು ಮೊಳೆಗೆ ಒಂದೊಂದು ದೇಶದ ಕಾರ್ಡು. ಯಾವ ದೇಶದ ಜಿಡಿಪಿ, ಅಂದರೆ ಒಂದು ವರ್ಷದ ಒಟ್ಟು ಉತ್ಪಾದನೆಯ ಬೆಲೆ, ದೊಡ್ಡದೋ ಅದು ಮೇಲೆ. ಹಳೆ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಹೆಸರು ಬರೆದು, ತೂತು ಮಾಡಿ ನೇತುಹಾಕಿದ್ದು. ಪ್ರತಿ ಸೋಮವಾರ ಮಕ್ಕಳು ಎರಡು ವರ್ಷ ಮುಂದಕ್ಕೆ ಹೋಗುತ್ತಾರೆ. ಯಾವ ದೇಶ ಮೇಲೇರಿತು, ಯಾವುದು ಕೆಳಗಿಳಿಯಿತು ಎಂದು ನೋಡಿ ಕಾರ್ಡು ಬದಲಿಸುತ್ತಾರೆ.

ಮೊದಲ ವರ್ಷ ಹೀಗಿರಲಿಲ್ಲ. ಜಿಡಿಪಿಗೆ ತಕ್ಕ ಉದ್ದದ ಪಟ್ಟಿಗಳನ್ನು ರಟ್ಟಿನಲ್ಲಿ ಕತ್ತರಿಸಿ ಅಂಟಿಸೋಣ ಅಂದುಕೊಂಡಿದ್ದೆ. ನೂರು ಬಿಲಿಯನ್ ಡಾಲರಿಗೆ ಒಂದು ಸೆಂಟಿಮೀಟರ್ ಎಂದು ಅಳತೆ ಇಟ್ಟೆವು (ಒಂದು ಬಿಲಿಯನ್ ಎಂದರೆ ನೂರು ಕೋಟಿ, ಒಂದು ಟ್ರಿಲಿಯನ್ ಎಂದರೆ ಲಕ್ಷ ಕೋಟಿ). 1960ರ ಭಾರತ ಸುಮಾರು 37 ಬಿಲಿಯನ್. ನಾಲ್ಕು ಮಿಲಿಮೀಟರ್ ಕೂಡ ಬರಲಿಲ್ಲ. 2024ರ ಅಮೆರಿಕ 29 ಟ್ರಿಲಿಯನ್ ದಾಟಿದೆ. ಅದಕ್ಕೆ ಒಂಬತ್ತೂವರೆ ಅಡಿ ರಟ್ಟು ಬೇಕು. ಉದ್ದದ ಆಸೆ ಬಿಟ್ಟು ಸ್ಥಾನ ಮಾತ್ರ ತೋರಿಸುವ ಮೊಳೆಗೆ ಬಂದೆವು. ಮೊತ್ತವನ್ನು ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತೇವೆ.

ಅಂಕಿಗಳನ್ನು ತೆಗೆದದ್ದು ವಿಶ್ವ ಬ್ಯಾಂಕಿನ ಜಾಲತಾಣದಿಂದ. ಆಯಾ ವರ್ಷದ ಡಾಲರ್ ಬೆಲೆಯಲ್ಲಿ ಜಿಡಿಪಿ ಎಂಬ ಎಕ್ಸೆಲ್ ಹಾಳೆ ಪುಕ್ಕಟೆ ಸಿಗುತ್ತದೆ. ಅದನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ತಕ್ಷಣ ಮೇಲೆ ಬರುವುದು ದೇಶಗಳಲ್ಲ. ಇಡೀ ಜಗತ್ತು, ಶ್ರೀಮಂತ ದೇಶಗಳು, ಯೂರೋ ವಲಯ ಎಂಬಂಥ ಗುಂಪುಗಳ ಸಾಲುಗಳು. ಅವನ್ನೆಲ್ಲ ಕೈಯಿಂದ ತೆಗೆಯಬೇಕು. ನೀವೂ ಮಾಡುವುದಾದರೆ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಎರಡನೇ ತೊಡಕು ಇನ್ನೂ ದೊಡ್ಡದು. 1960ರ ಸಾಲಿನಲ್ಲಿ ಭಾರತ ಎಂಟನೇ ಜಾಗದಲ್ಲಿ ಬಂತು. ಮಕ್ಕಳಿಗೆ ಖುಷಿಯೋ ಖುಷಿ. ಹಾಗೇ ನೇತುಹಾಕಿದೆವು. ಮಧ್ಯಾಹ್ನ ಇತಿಹಾಸದ ಸಹೋದ್ಯೋಗಿ ಬಂದು ನೋಡಿ, "ಮೇಡಂ, ಜರ್ಮನಿ ಎಲ್ಲಿ?" ಅಂದರು. ಹೌದಲ್ವಾ! ಆ ಹಾಳೆಯಲ್ಲಿ ಜರ್ಮನಿಯ ಅಂಕಿ ಶುರುವಾಗುವುದೇ 1970ರಿಂದ. ಸೋವಿಯತ್ ಒಕ್ಕೂಟವೂ ಇಲ್ಲ. ಎರಡು ದೊಡ್ಡ ಆರ್ಥಿಕತೆಗಳು ಪಟ್ಟಿಯಲ್ಲೇ ಇಲ್ಲದಿದ್ದಾಗ ಎಂಟನೇ ಸ್ಥಾನಕ್ಕೆ ಏನು ಅರ್ಥ? ಅಂದೇ ಎಲ್ಲ ಕಾರ್ಡು ಇಳಿಸಿ 1970ರಿಂದ ಶುರು ಮಾಡಿದೆವು. ಸೋವಿಯತ್ ಒಕ್ಕೂಟಕ್ಕೆ ಹೆಸರಿಲ್ಲದ ಕಪ್ಪು ಕಾರ್ಡೊಂದನ್ನು ಪಕ್ಕದಲ್ಲಿ ತೂಗಿಸಿದ್ದೇವೆ. ಅವರ ಲೆಕ್ಕ ಬೇರೆ ಥರ ಇತ್ತು. ವಸ್ತುಗಳ ಉತ್ಪಾದನೆಯನ್ನು ಎಣಿಸುತ್ತಿದ್ದರು, ಎಷ್ಟೋ ಸೇವೆಗಳನ್ನು ಬಿಡುತ್ತಿದ್ದರು. ರೂಬಲ್ಲಿನ ಸರ್ಕಾರಿ ದರವೂ ಮಾರುಕಟ್ಟೆಯಲ್ಲಿ ನಿಂತ ದರವಾಗಿರಲಿಲ್ಲ. ಡಾಲರ್ ಪಟ್ಟಿಯಲ್ಲಿ ಅವರನ್ನು ಇಂಥ ಜಾಗ ಎಂದು ಕೂರಿಸಲು ನನಗೆ ಮನಸ್ಸು ಬರಲಿಲ್ಲ.

ದಾರದ ಯೋಚನೆ ಹುಟ್ಟಿದ್ದು 1991ಕ್ಕೆ ಬಂದಾಗ. 1990ರಲ್ಲಿ ಭಾರತದ ಮೊತ್ತ 321 ಬಿಲಿಯನ್ ಡಾಲರ್. 1991ರಲ್ಲಿ 270. ಒಬ್ಬ ಹುಡುಗಿ ಕೇಳಿದಳು: "ಮೇಡಂ, ಒಂದೇ ವರ್ಷಕ್ಕೆ ಆರನೇ ಒಂದು ಭಾಗ ಹೋಯ್ತಾ? ಬರ ಬಂದಿತ್ತಾ?"

ಬರ ಕಾರಣವಲ್ಲ. ಆ ವರ್ಷ ದೇಶದ ಉತ್ಪಾದನೆ ಕುಂಟುತ್ತಾ ಆದರೂ ಸ್ವಲ್ಪ ಬೆಳೆದಿತ್ತು. ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯವಾಗಿತ್ತು, ಅಂದರೆ ಡಾಲರಿನ ಎದುರು ಅದರ ಬೆಲೆ ಇಳಿಸಿದ್ದರು. 1966ರ ಜೂನ್ 6ರಂದೂ ಹೀಗೇ. ಡಾಲರಿಗೆ 4.76 ಇದ್ದ ರೂಪಾಯಿಯನ್ನು 7.50 ಮಾಡಿದರು. ಆ ವರ್ಷವೂ ಡಾಲರ್ ಲೆಕ್ಕದ ಜಿಡಿಪಿ ದೊಪ್ಪನೆ ಬಿತ್ತು.

ಇದನ್ನು ನಮ್ಮ ಮಕ್ಕಳಿಗೆ ಹೇಳುವುದು ಸುಲಭ. ಅರ್ಧ ಕ್ಲಾಸು ತೆಂಗಿನ ತೋಟದ ಮನೆಗಳಿಂದ ಬಂದದ್ದು. ಮಾರ್ಕೆಟ್ಟಿನಲ್ಲಿ ಕೊಬ್ಬರಿ ರೇಟು ಬಿದ್ದ ವರ್ಷ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ. ಅಟ್ಟದ ಮೇಲೆ ಇರುವ ಕಾಯಿ ಅಷ್ಟೇ ಇರುತ್ತದೆ. ಕ್ವಿಂಟಾಲಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕಿದರೆ ಮಾತ್ರ ಅಪ್ಪ ಬಡವ. ದೇಶದ ಕಥೆಯೂ ಅಷ್ಟೇ. ಕಾಯಿ ಎಷ್ಟು ಅನ್ನುವುದು ಒಂದು, ರೇಟು ಎಷ್ಟು ಅನ್ನುವುದು ಇನ್ನೊಂದು. ಕಾಯಿ ಎಣಿಸಿದ್ದು ಸರಿಯಾಗಿದೆಯಾ ಅನ್ನುವುದು ಮೂರನೆಯದು.

ಆಮೇಲೆ ನಿಯಮ ಮಾಡಿಕೊಂಡೆವು. ಕಾರ್ಡು ಜಾಗ ಬದಲಿಸಿದರೆ ಕಾರಣ ಹುಡುಕಿ ದಾರ ಕಟ್ಟಬೇಕು. ನಿಜವಾಗಿ ದುಡಿಮೆ ಬೆಳೆದಿದ್ದರೆ ಹಸಿರು. ನಾಣ್ಯದ ದರ ಬದಲಾಗಿದ್ದರೆ ಕೆಂಪು. ಲೆಕ್ಕದ ರೀತಿ ಬದಲಾಗಿದ್ದರೆ ನೀಲಿ.

ಜಪಾನಿನ ಕಾರ್ಡು ಈಗ ಪೂರ್ತಿ ಕೆಂಪು. 1995ರಲ್ಲಿ ಯೆನ್ ವಿಪರೀತ ಗಟ್ಟಿಯಾಗಿತ್ತು. ಆಗ ಜಪಾನಿನ ಜಿಡಿಪಿ ಅಮೆರಿಕದ ಹತ್ತರಲ್ಲಿ ಏಳು ಭಾಗ ಮುಟ್ಟಿತ್ತು. 2012ರಲ್ಲಿ ಡಾಲರಿಗೆ ಸುಮಾರು 80 ಯೆನ್, ಜಿಡಿಪಿ 6.27 ಟ್ರಿಲಿಯನ್. 2015ರಲ್ಲಿ 121 ಯೆನ್, 4.44 ಟ್ರಿಲಿಯನ್. ಆ ಮೂರು ವರ್ಷದಲ್ಲಿ ಯೆನ್ ಲೆಕ್ಕದಲ್ಲಿ ಅವರ ಆದಾಯ ಕಡಿಮೆಯಾಗಿರಲೇ ಇಲ್ಲ. 2023 ಇನ್ನೂ ವಿಚಿತ್ರ. ಜರ್ಮನಿ ಜಪಾನನ್ನು ದಾಟಿ ಮೂರಕ್ಕೆ ಬಂತು. ಆದರೆ ಆ ವರ್ಷ ಜರ್ಮನಿಯ ನಿಜ ಉತ್ಪಾದನೆ ತುಸು ಇಳಿದಿತ್ತು, ಜಪಾನಿನದು ಏರಿತ್ತು! ಜರ್ಮನಿಯಲ್ಲಿ ಬೆಲೆಗಳು ಏರಿದ್ದವು, ಯೆನ್ ಸೊರಗಿತ್ತು. ಮಕ್ಕಳು ಇದನ್ನು ನಂಬಲು ಎರಡು ದಿನ ತೆಗೆದುಕೊಂಡರು.

ಹಸಿರು ದಾರ ಎಂದರೇನು ಎಂದು ನೋಡಬೇಕಾದರೆ ಚೀನಾದ ಕಾರ್ಡು ಹಿಡಿಯಬೇಕು. 1980ರ ಸಾಲು ನೋಡಿ. ಚೀನಾ 191 ಬಿಲಿಯನ್, ಭಾರತ 186. ಅಕ್ಕಪಕ್ಕದ ಮನೆ. 2010ಕ್ಕೆ ಬನ್ನಿ. ಚೀನಾ ಆರು ಟ್ರಿಲಿಯನ್ ದಾಟಿ ಜಪಾನನ್ನು ಹಿಂದೆ ಹಾಕಿ ಎರಡನೇ ಮೊಳೆಗೆ ಬಂದಿದೆ. ಭಾರತ 1.68 ಟ್ರಿಲಿಯನ್. ಚೀನಾದವರು ಇಟಲಿ, ಫ್ರಾನ್ಸ್, ಬ್ರಿಟನ್, ಜರ್ಮನಿ ಒಂದೊಂದನ್ನೇ ಹತ್ತು ವರ್ಷದೊಳಗೆ ದಾಟಿದ್ದಾರೆ. ಮೂವತ್ತು ವರ್ಷ ಬಿಡದೆ ಬೆಳೆದ ದೇಶದ ಕಾರ್ಡು ಅದು.

ಆದರೆ ಅಲ್ಲೂ ಹಸಿರು ಒಂದೇ ಇಲ್ಲ. 2005ರ ಡಿಸೆಂಬರಿನಲ್ಲಿ ಚೀನಾ ತನ್ನ 2004ರ ಜಿಡಿಪಿಯನ್ನು ಶೇ. 16.8ರಷ್ಟು ಮೇಲಕ್ಕೆ ತಿದ್ದಿತು. ಆರ್ಥಿಕ ಗಣತಿ ಮಾಡಿದಾಗ ಎಣಿಕೆಗೆ ಸಿಗದೆ ಉಳಿದಿದ್ದ ಅಂಗಡಿ, ಸಾರಿಗೆ, ಸೇವೆಗಳು ಸಿಕ್ಕವು. ಫ್ರಾನ್ಸ್ ಮತ್ತು ಬ್ರಿಟನ್ ದಾಟಲು ಇದೂ ಕೈ ಹಿಡಿದು ಎತ್ತಿತು. ಜೊತೆಗೆ 2005ರಿಂದ ಯುವಾನ್ ನಿಧಾನಕ್ಕೆ ಗಟ್ಟಿಯಾಯಿತು. ಡಾಲರಿಗೆ 8.28 ಇದ್ದದ್ದು 2013ರ ಕೊನೆಗೆ 6.1ರ ಹತ್ತಿರ ಬಂತು. ಹಾಗಾಗಿ ಮೂರೂ ದಾರ ಕಟ್ಟಿದ್ದೇವೆ. ಹಸಿರನ್ನು ಮಾತ್ರ ಎರಡು ಪಟ್ಟು ಉದ್ದ ಬಿಟ್ಟಿದ್ದೇವೆ. ಅದನ್ನು ಸೂಚಿಸಿದ್ದು ಮಕ್ಕಳೇ.

ನೀಲಿ ದಾರಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹತ್ತು ಮೊಳೆಯ ಹೊರಗಿದೆ. 2014ರ ಏಪ್ರಿಲ್‌ನ ಒಂದು ಭಾನುವಾರ ನೈಜೀರಿಯಾ ತನ್ನ ಆಧಾರ ವರ್ಷವನ್ನು, ಅಂದರೆ ಯಾವ ವರ್ಷದ ಬೆಲೆ ಮತ್ತು ಉದ್ಯಮಗಳನ್ನು ಹಿಡಿದು ಜಿಡಿಪಿ ಲೆಕ್ಕ ಹಾಕುತ್ತಾರೋ ಆ ವರ್ಷವನ್ನು, 1990ರಿಂದ 2010ಕ್ಕೆ ಬದಲಿಸಿತು. ಮೊಬೈಲ್ ಕಂಪನಿಗಳು, ಸಿನಿಮಾ ಉದ್ಯಮ ಹಳೆ ಲೆಕ್ಕದಲ್ಲಿ ಸರಿಯಾಗಿ ಇರಲೇ ಇಲ್ಲ. ಸೇರಿಸಿದ ಮೇಲೆ 2013ರ ಜಿಡಿಪಿ ಶೇ. 89ರಷ್ಟು ಹಿಗ್ಗಿ 510 ಬಿಲಿಯನ್ ಹತ್ತಿರ ಹೋಯಿತು. ದಕ್ಷಿಣ ಆಫ್ರಿಕಾವನ್ನು ದಾಟಿ ಆಫ್ರಿಕಾದಲ್ಲೇ ದೊಡ್ಡದಾಯಿತು. ಶನಿವಾರಕ್ಕೂ ಸೋಮವಾರಕ್ಕೂ ಲಾಗೋಸಿನ ಸಂತೆಯಲ್ಲಿ ಒಂದು ಬಾಳೆಹಣ್ಣೂ ಜಾಸ್ತಿಯಾಗಿರಲಿಲ್ಲ. ಇಟಲಿಯೂ 1987ರಲ್ಲಿ ಲೆಕ್ಕಕ್ಕೆ ಸಿಗದ ವ್ಯವಹಾರಗಳನ್ನು ಸೇರಿಸಿಕೊಂಡು ಬ್ರಿಟನ್ನನ್ನು ದಾಟಿದೆವು ಎಂದು ಸಂಭ್ರಮಿಸಿತ್ತು.

ಹಲಗೆಯ ಬಲಬದಿಯಲ್ಲಿ ಇನ್ನೊಂದು ಸಾಲು ಮೊಳೆ ಹೊಡೆದಿದ್ದೇನೆ. ಅದು ಪಿಪಿಪಿ ಪಟ್ಟಿ. ಅಂದರೆ ಆಯಾ ದೇಶದಲ್ಲಿ ಹಣಕ್ಕೆ ಎಷ್ಟು ಸಾಮಾನು ಸಿಗುತ್ತದೆ ಎಂದು ನೋಡಿ ಮಾಡಿದ ಲೆಕ್ಕ. ಅಲ್ಲಿ ಚೀನಾ ಮೊದಲು, ಅಮೆರಿಕ ಎರಡು, ಭಾರತ ಮೂರು. "ಯಾವುದು ನಿಜ ಮೇಡಂ?" ಎಂದು ಪ್ರತಿ ವರ್ಷ ಕೇಳುತ್ತಾರೆ. ಕಚ್ಚಾ ತೈಲ ತರಬೇಕಾದರೆ ಡಾಲರ್ ಪಟ್ಟಿಯೇ ಬೇಕು, ಯಾರೂ ನಮಗೆ ಊರಿನ ರೇಟಿಗೆ ಕೊಡುವುದಿಲ್ಲ. ಜನ ಎಷ್ಟು ಉಂಡರು, ಉಟ್ಟರು ಎಂದು ನೋಡಲು ಪಿಪಿಪಿ ವಾಸಿ. ಎರಡು ಪಟ್ಟಿಯ ಕಾರ್ಡುಗಳನ್ನು ಬೆರೆಸಲು ಮಾತ್ರ ನಾನು ಬಿಡುವುದಿಲ್ಲ.

ಇತಿಹಾಸದ ಸಹೋದ್ಯೋಗಿ ಆಂಗಸ್ ಮ್ಯಾಡಿಸನ್ ಎಂಬ ಅರ್ಥಶಾಸ್ತ್ರಜ್ಞರ ಅಂದಾಜು ತಂದುಕೊಟ್ಟರು. 1700ರಲ್ಲಿ ಜಗತ್ತಿನ ಉತ್ಪಾದನೆಯಲ್ಲಿ ಭಾರತದ ಪಾಲು ಶೇ. 24ರಷ್ಟು, 1950ರಲ್ಲಿ ಶೇ. 4ರಷ್ಟು. ಅದನ್ನು ಹಲಗೆಯ ಕೆಳಗೆ ಬೇರೆ ಹಾಳೆಯಲ್ಲಿ ಅಂಟಿಸಿದ್ದೇನೆ. 1700ರ ಲೆಕ್ಕದಲ್ಲಿ ಭಾರತ ಎಂದರೆ ಇಡೀ ಉಪಖಂಡ, 1950ರದು ಸ್ವತಂತ್ರ ಭಾರತ ಮಾತ್ರ. ಎಲ್ಲ ಕಡೆ ಕೈಯಲ್ಲೇ ದುಡಿಯುತ್ತಿದ್ದ ಕಾಲದಲ್ಲಿ ಜನ ಜಾಸ್ತಿ ಇದ್ದ ಕಡೆ ಉತ್ಪಾದನೆಯೂ ಜಾಸ್ತಿ. ಉಗಿಯಂತ್ರ, ಕಾರ್ಖಾನೆ ಬಂದ ಮೇಲೆ ಆ ನಂಟು ಹರಿಯಿತು. ವಸಾಹತು ಆಳ್ವಿಕೆಯ ಸುಮಾರು ಇನ್ನೂರು ವರ್ಷಗಳಲ್ಲಿ ನಾವು ಹಿಂದೆ ಬಿದ್ದೆವು.

2025ರ ಜೂನ್‌ನಲ್ಲಿ ಕಾಲೇಜು ತೆರೆದ ವಾರ ಒಬ್ಬ ಹುಡುಗ ಮೊಬೈಲ್ ಹಿಡಿದು ಓಡಿ ಬಂದ. "ಮೇಡಂ, ನಾವು ಜಪಾನ್ ದಾಟ್ಬಿಟ್ವಿ! ಕಾರ್ಡು ಬದಲಾಯಿಸ್ಲಾ?" ಮೇ ಕೊನೆಯಲ್ಲಿ ನೀತಿ ಆಯೋಗದ ಸಿಇಒ ಭಾರತ ನಾಲ್ಕನೇ ದೊಡ್ಡ ಆರ್ಥಿಕತೆ ಎಂದು ಹೇಳಿದ್ದರು. ಅವನ ಖುಷಿ ನನಗೂ ಖುಷಿಯೇ. "ಬಾ, ಮೊದಲು ಬೋರ್ಡಿನ ಮೇಲೆ ಲೆಕ್ಕ ಮಾಡೋಣ" ಅಂದೆ.

ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಏಪ್ರಿಲ್‌ನಲ್ಲಿ ಕೊಟ್ಟ ಅಂಕಿಯಲ್ಲಿ 2025ಕ್ಕೆ ಭಾರತ 4,187.017 ಬಿಲಿಯನ್, ಜಪಾನ್ 4,186.431 ಬಿಲಿಯನ್. ಅಂತರ ಸುಮಾರು 59 ಕೋಟಿ ಡಾಲರ್. ರೂಪಾಯಿ ಆಗ ಡಾಲರಿಗೆ 85ರ ಆಸುಪಾಸು. ವರ್ಷದ ಸರಾಸರಿ ದರ ಎರಡು ಪೈಸೆ ಜಾರಿದರೆ ನಮ್ಮ ಮೊತ್ತ ಎಷ್ಟು ಇಳಿಯುತ್ತದೆ ಎಂದು ಅವನಿಂದಲೇ ಭಾಗಾಕಾರ ಮಾಡಿಸಿದೆ. ಸುಮಾರು 98 ಕೋಟಿ ಡಾಲರ್. ಎರಡು ಪೈಸೆಗೆ ಸ್ಥಾನ ಹೋಗುತ್ತದೆ. ಮೇಲಾಗಿ ಅದು ಮುನ್ನಂದಾಜು. ಐಎಂಎಫ್‌ನ 2025 ನಮಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷ, ಜಪಾನಿಗೆ ಜನವರಿಯಿಂದ ಡಿಸೆಂಬರ್. ಆ ವರ್ಷ ಇನ್ನೂ ಅರ್ಧವೂ ಮುಗಿದಿರಲಿಲ್ಲ. ಮುಗಿದ 2024ರಲ್ಲಿ ಜಪಾನ್ 4.03, ನಾವು 3.91 ಟ್ರಿಲಿಯನ್. ಐದನೇ ಮೊಳೆ. ಅಕ್ಟೋಬರ್‌ನಲ್ಲಿ ಐಎಂಎಫ್ ತನ್ನ 2025ರ ಅಂದಾಜು ತಿದ್ದಿತು. ಜಪಾನ್ 4.28, ಭಾರತ 4.13.

ಭಾರತದ ಕಾರ್ಡಿಗೆ ಹಸಿರು ದಾರ ಕಟ್ಟಲು ನನಗೆ ಸಂಕೋಚವೇನಿಲ್ಲ. ಬ್ರಿಟನ್, ಫ್ರಾನ್ಸ್ ದಾಟಿದ್ದರಲ್ಲಿ ದುಡಿಮೆಯ ಪಾಲು ದೊಡ್ಡದು. ಜೊತೆಗೆ ಕಾರ್ಡಿನ ಹಿಂದೆ ತಲಾ ಲೆಕ್ಕವನ್ನೂ ಬರೆಸಿದ್ದೇನೆ. 2024ರಲ್ಲಿ ಭಾರತದ್ದು ಸುಮಾರು 2,700 ಡಾಲರ್, ಜಪಾನಿನದು 32,500.

2025ರಲ್ಲಿ ನಮ್ಮ ಸರ್ಕಾರ ಆಧಾರ ವರ್ಷವನ್ನು 2011-12ರಿಂದ 2022-23ಕ್ಕೆ ತರುವ ಕೆಲಸ ಹಿಡಿದಿತ್ತು. ಅದೇ ಹುಡುಗ ಒಂದು ಗೇಣು ನೀಲಿ ದಾರ ಕತ್ತರಿಸಿ ಭಾರತದ ಕಾರ್ಡಿನ ಹಿಂದೆ ಕ್ಲಿಪ್ ಹಾಕಿ ಇಟ್ಟಿದ್ದಾನೆ. 2025ರ ಪಟ್ಟಿಯನ್ನು ವಿಶ್ವ ಬ್ಯಾಂಕಿನ ಹಾಳೆ ಬಂದ ಮೇಲೆ ಮುಂದಿನ ಬ್ಯಾಚಿನವರು ತೂಗಿಸುತ್ತಾರೆ.