ವಾರದ ಸಭೆಯಲ್ಲಿ ಕೂತು ಕಲಿತ ಮನೋವಿಜ್ಞಾನ

ಒಂದು ಗುಂಪು ಯಾರನ್ನು ತನ್ನ ಮುಂದಾಳು ಎಂದು ಒಪ್ಪಿಕೊಳ್ಳುತ್ತದೆ, ಯಾಕೆ ಒಪ್ಪಿಕೊಳ್ಳುತ್ತದೆ? ಪಿಎಚ್.ಡಿ.ಗೆ ಸೇರಿದಂದಿನಿಂದ ನಾನು ಬೆನ್ನು ಹತ್ತಿರುವುದು ಈ ಪ್ರಶ್ನೆಯನ್ನೇ. ಪುಸ್ತಕದಲ್ಲಿ ಓದಿದ ಪ್ರಯೋಗಗಳಿಂದ ಶುರುವಾದ ಹುಡುಕಾಟ ಮೈಸೂರು, ಚಾಮರಾಜನಗರ ಜಿಲ್ಲೆಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಗಳಿಗೆ ಬಂದು ನೆಲೆ ನಿಂತಿತು. ಸಾಮಾಜಿಕ ಮನೋವಿಜ್ಞಾನದಲ್ಲಿ ಸಂಶೋಧನೆಗೆ ಹೊರಟ ಮಕ್ಕಳು ‘ಫೀಲ್ಡ್‌ವರ್ಕ್ ಹೇಗೆ ಮಾಡಿದ್ರಿ ಮೇಡಂ’ ಎಂದು ಕೇಳುತ್ತಿರುತ್ತಾರೆ. ಇದು ಅವರಿಗಾಗಿ.

ಎಂ.ಎ.ಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಅಧ್ಯಯನಗಳು. 1939ರಲ್ಲಿ ಕರ್ಟ್ ಲೆವಿನ್, ಲಿಪಿಟ್, ವೈಟ್ ಪ್ರಕಟಿಸಿದ್ದು ಮೊದಲನೆಯದು. ಅಮೆರಿಕದ ಐಯೋವಾದಲ್ಲಿ ಶಾಲಾ ಹುಡುಗರ ಚಿಕ್ಕ ಕ್ಲಬ್‌ಗಳಿಗೆ ಬೇರೆ ಬೇರೆ ಬಗೆಯ ಮುಂದಾಳುಗಳನ್ನು ಕೊಟ್ಟು ಅವರು ನೋಡಿದರು. ಒಬ್ಬ ಬರೀ ಅಪ್ಪಣೆ ಮಾಡುವವನು, ಇನ್ನೊಬ್ಬ ಎಲ್ಲರನ್ನೂ ಕೇಳಿ ನಡೆಯುವವನು, ಮತ್ತೊಬ್ಬ ಏನಾದರೂ ಮಾಡಿಕೊಳ್ಳಿ ಎಂದು ಬಿಟ್ಟುಬಿಡುವವನು. ಅಪ್ಪಣೆಯವನು ಕೋಣೆಯಿಂದಾಚೆ ಹೋದರೆ ಹುಡುಗರ ಕೆಲಸ ಕುಂಟುತ್ತಿತ್ತು. ಕೇಳಿ ನಡೆಸುವವನ ಗುಂಪು ಅವನಿಲ್ಲದಾಗಲೂ ಮುಂದುವರಿಸುತ್ತಿತ್ತು.

ಎರಡನೆಯದು ಬ್ರಿಸ್ಟಲ್‌ನಲ್ಲಿ ಹೆನ್ರಿ ಟಾಜ್‌ಫೆಲ್ ಮತ್ತು ಸಂಗಡಿಗರು ಮಾಡಿ 1971ರಲ್ಲಿ ಪ್ರಕಟಿಸಿದ್ದು. ಹದಿನಾಲ್ಕು ಹದಿನೈದರ ಹುಡುಗರಿಗೆ ನಿನಗೆ ಚಿತ್ರಕಾರ ಕ್ಲೇ ಬರೆದ ಚಿತ್ರ ಇಷ್ಟ, ನಿನಗೆ ಕ್ಯಾಂಡಿನ್‌ಸ್ಕಿ ಇಷ್ಟ ಎಂದು ಹೇಳಿ ಎರಡು ಗುಂಪು ಮಾಡಿದರು. ನಿಜಕ್ಕೂ ಆ ವಿಂಗಡಣೆಗೆ ಯಾವ ಆಧಾರವೂ ಇರಲಿಲ್ಲ. ಆದರೂ ಹುಡುಗರು ಹಣ ಹಂಚುವಾಗ ತಮ್ಮ ಗುಂಪಿನ, ಮುಖ ಕೂಡ ಗೊತ್ತಿಲ್ಲದ ಹುಡುಗನ ಕಡೆಗೇ ವಾಲಿದರು. ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಪರವಾಗಿಲ್ಲ, ಆಚೆಯವರಿಗಿಂತ ಹೆಚ್ಚಿರಬೇಕು ಎಂಬಂತೆ ಹಂಚಿದರು. ಟಾಜ್‌ಫೆಲ್ ಪೋಲೆಂಡ್‌ನ ಯಹೂದಿ. ಯುದ್ಧಕೈದಿಯಾಗಿ ಬದುಕುಳಿದು ಹಿಂತಿರುಗಿದಾಗ ಅವರ ಹತ್ತಿರದ ಬಂಧುಗಳಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ‘ನಾವು’, ‘ಅವರು’ ಎಂಬ ಗೆರೆ ಎಷ್ಟು ಸುಲಭವಾಗಿ ಬೀಳುತ್ತದೆ ಎಂಬ ಪ್ರಶ್ನೆ ಅವರಿಗೆ ಬದುಕಿನಿಂದಲೇ ಬಂದದ್ದು.

ನನ್ನ ದಾರಿ ತಿರುಗಿಸಿದ್ದು ಮಾತ್ರ ಮೈಸೂರಿನಲ್ಲೇ ನಡೆದ ಒಂದು ಕೆಲಸ. ಜೋನ್ ಮಿಲ್ಲರ್ ಎಂಬ ಅಮೆರಿಕನ್ ಮನೋವಿಜ್ಞಾನಿ ಮೈಸೂರಿನ ಹಿಂದೂಗಳನ್ನೂ ಅಮೆರಿಕನ್ನರನ್ನೂ ಹೋಲಿಸಿ 1984ರಲ್ಲಿ ಒಂದು, 1990ರಲ್ಲಿ ಸಂಗಡಿಗರೊಂದಿಗೆ ಇನ್ನೊಂದು ಲೇಖನ ಪ್ರಕಟಿಸಿದರು. ಯಾರೋ ತಪ್ಪು ಮಾಡಿದರೆ ಅಮೆರಿಕದ ದೊಡ್ಡವರು ಅವನ ಸ್ವಭಾವದತ್ತ ಬೆರಳು ತೋರುತ್ತಿದ್ದರು. ಮೈಸೂರಿನವರು ಅವನ ಸಂದರ್ಭ, ಸಂಬಂಧ, ಸ್ಥಾನಗಳನ್ನು ಹೆಚ್ಚಾಗಿ ಹೇಳುತ್ತಿದ್ದರು. ಇನ್ನೊಬ್ಬರ ಚಿಕ್ಕಪುಟ್ಟ ಕಷ್ಟಕ್ಕೆ ಆಗುವುದು ಅಮೆರಿಕದ ಎಷ್ಟೋ ಜನರಿಗೆ ಅವರವರ ಇಷ್ಟದ ವಿಷಯ, ಮೈಸೂರಿನವರಿಗೆ ಅದೊಂದು ಕರ್ತವ್ಯ. ಇದನ್ನು ಓದಿದ ಮೇಲೆ ನಾಯಕತ್ವ, ನೈತಿಕತೆಗಳನ್ನು ಅವು ದಿನನಿತ್ಯ ನಡೆಯುವ ಜಾಗದಲ್ಲೇ ನೋಡಬೇಕು ಅನ್ನಿಸಿತು. ಪಟ್ನಾದ ಮನೋವಿಜ್ಞಾನಿ ಜೈ ಬಿ.ಪಿ. ಸಿನ್ಹಾ ಅವರು 1980ರಲ್ಲೇ ನಮ್ಮಲ್ಲಿ ಪರಿಣಾಮ ಬೀರುವ ನಾಯಕ ಅಕ್ಕರೆ ತೋರುತ್ತಲೇ ಕಟ್ಟುನಿಟ್ಟಾಗಿ ಕೆಲಸ ಕೇಳುವವನು ಎಂದು ತೋರಿಸಿದ್ದರು. ಹಾಗಾದರೆ ಅಧಿಕಾರಿಯೂ ನೌಕರಳೂ ಅಲ್ಲದ, ಸಮಾನರ ನಡುವಿನ ಒಬ್ಬ ಹೆಂಗಸು ಹೇಗೆ ಮುಂದಾಳಾಗುತ್ತಾಳೆ?

ಸ್ವಸಹಾಯ ಸಂಘವನ್ನು ಆರಿಸಿಕೊಂಡದ್ದಕ್ಕೆ ಅದರ ಇತಿಹಾಸವೂ ಕಾರಣ. 1980ರ ದಶಕದ ನಡುವೆ ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಜನಕ್ಕೆ ಮುಂದಾಳುಗಳ ಮೇಲೆ ನಂಬಿಕೆ ಹೋಗಿತ್ತು. ಒಬ್ಬರನ್ನೊಬ್ಬರು ಬಲ್ಲ ಚಿಕ್ಕ ಗುಂಪುಗಳು ಮುಂದೆ ಬಂದು, ಸಾಲವನ್ನು ಆ ದೊಡ್ಡ ಸಂಘಕ್ಕಲ್ಲ, ನಮ್ಮ ಈ ಗುಂಪಿಗೆ ತೀರಿಸುತ್ತೇವೆ ಎಂದವು. 1992ರಲ್ಲಿ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ನನ್ನ ಪ್ರಶ್ನೆಯನ್ನು ಜನ ಆಗಲೇ ಕೈಯಾರೆ ಬಿಡಿಸಿ ನೋಡಿದ್ದರು.

ಕ್ಷೇತ್ರಕ್ಕೆ ಹೋಗಿ ಮೊದಲ ದಿನವೇ ಪ್ರಶ್ನಾವಳಿ ತೆಗೆಯಬೇಡಿ. ನಾನು ಎಷ್ಟೋ ವಾರ ಸುಮ್ಮನೆ ಚಾಪೆಯ ಮೇಲೆ ಕೂತೆ. ಮೊದಲು ಯಾರು ಬಾಯಿ ತೆರೆಯುತ್ತಾರೆ, ಮಾತಾಡುವ ಮುಂಚೆ ಯಾರ ಮುಖ ನೋಡುತ್ತಾರೆ, ಲೆಕ್ಕದ ಪುಸ್ತಕ ಯಾರ ತೊಡೆಯ ಮೇಲಿದೆ, ಸಭೆ ಸರದಿಯಂತೆ ಎಲ್ಲರ ಮನೆಯಲ್ಲೂ ನಡೆಯುತ್ತದೆಯೇ ಎಂದು ಗಮನಿಸಿದೆ. ಕೊನೆಯದು ಬಹಳ ಮುಖ್ಯ. ಬೇರೆ ಬೇರೆ ಕೇರಿಯವರಿದ್ದ ಸಂಘದಲ್ಲಿ ಕಾಫಿ ಯಾರ ಮನೆಯಲ್ಲಿ ಕಾಯುತ್ತದೆ, ಅದನ್ನು ಯಾರು ಕುಡಿಯುವುದಿಲ್ಲ ಎಂಬುದರಲ್ಲಿ ಆ ಸಂಘದ ‘ನಾವು’ ಎಲ್ಲಿಗೆ ಮುಗಿಯುತ್ತದೆ ಎಂಬುದು ಕಾಣುತ್ತದೆ. ಜಾತಿಯನ್ನು ಒಂದು ಕಾಲಂನಲ್ಲಿ ತುಂಬಿಸಿ ಮುಂದೆ ಹೋಗುವ ಅಧ್ಯಯನಗಳ ಬಗ್ಗೆ ನನಗೆ ಸಮಾಧಾನವಿಲ್ಲ.

ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ಉತ್ತರ ಕೇಳಿದರೆ ಎಲ್ಲರೂ ‘ಚೆಂದಾಗೇ ನಡೀತದೆ ಕಣವ್ವ’ ಎನ್ನುತ್ತಿದ್ದರು. ಹೊರಗಿನವಳ ಮುಂದೆ ತಮ್ಮ ಸಂಘವನ್ನು ಯಾರು ಬಿಟ್ಟುಕೊಡುತ್ತಾರೆ? ಹಾಗಾಗಿ ಹುಣಸೆ ಬೀಜ ಹಿಡಿದೆ. ಹಳ್ಳಿಯ ಸಹಭಾಗಿ ಸಮೀಕ್ಷೆಗಳಲ್ಲಿ ಇದು ಬಳಕೆಯಲ್ಲಿದ್ದ ಕ್ರಮವೇ. ಪ್ರತಿಯೊಬ್ಬರಿಗೂ ಹತ್ತು ಬೀಜ, ಎದುರಿಗೆ ಮೂರು ಚಿತ್ರ: ಲೆಕ್ಕದಲ್ಲಿ ನಿಯತ್ತು, ಬ್ಯಾಂಕಿನ ಕೆಲಸ ಮಾಡಿಸಿಕೊಂಡು ಬರುವ ಜಾಣತನ, ಎಲ್ಲರ ಜೊತೆ ಹೊಂದಿಕೊಳ್ಳುವ ಗುಣ. ಸಂಘದ ಪ್ರತಿನಿಧಿಯಾಗುವವಳಿಗೆ ಯಾವುದು ಎಷ್ಟು ಬೇಕೋ ಅಷ್ಟು ಬೀಜ ಇಡಿ ಎಂದೆ. ಇದನ್ನು ಒಬ್ಬೊಬ್ಬರನ್ನೇ ಅವರವರ ಹಿತ್ತಲಲ್ಲಿ, ಅವರು ಕೆಲಸ ಮಾಡುತ್ತಿರುವಾಗಲೇ ಕೇಳಿದೆ.

ಬೀಜಗಳು ನಿಯತ್ತಿನ ಚಿತ್ರದ ಮೇಲೇ ಹೆಚ್ಚು ಬಿದ್ದವು. ಲೀಚ್, ಎಲ್ಲೆಮರ್ಸ್, ಬಾರೆಟೊ 2007ರಲ್ಲಿ ಪ್ರಕಟಿಸಿದ್ದಕ್ಕೆ ಇದು ಹತ್ತಿರವಿತ್ತು: ಜನ ತಮ್ಮ ಗುಂಪಿನ ಬಗ್ಗೆ ಹೆಮ್ಮೆಪಡಲು ಅದರ ಸಾಮರ್ಥ್ಯಕ್ಕಿಂತ, ಸ್ನೇಹಪರತೆಗಿಂತ ಅದರ ನೈತಿಕತೆಯನ್ನೇ ಮುಖ್ಯವಾಗಿ ನೋಡುತ್ತಾರೆ. ಆದರೆ ನನಗೆ ಹೆಚ್ಚು ಕಲಿಸಿದ್ದು ಬೀಜಗಳ ನಂತರ ನಾನು ಅವರಿಗೆ ಹೇಳುತ್ತಿದ್ದ ಒಂದು ಕತೆ. ಗಂಡ ಆಸ್ಪತ್ರೆಯಲ್ಲಿರುವ ಸದಸ್ಯೆ ಕಂತು ಕಟ್ಟಿಲ್ಲ. ಒಬ್ಬ ಪ್ರತಿನಿಧಿ ಸದ್ದಿಲ್ಲದೆ ದಂಡ ಬಿಡುತ್ತಾಳೆ. ಒಬ್ಬಳು ನಿಯಮದಂತೆ ವಸೂಲಿ ಮಾಡುತ್ತಾಳೆ. ಇನ್ನೊಬ್ಬಳು ಸಭೆಯಲ್ಲಿ ಎಲ್ಲರನ್ನೂ ಕೇಳುತ್ತಾಳೆ. ಯಾರು ಸರಿ? ಕರುಣೆ ಮೇಲೋ ನಿಯಮ ಮೇಲೋ ಎಂಬ ವಾದ ಬರುತ್ತದೆಂದು ನಾನು ಕಾದಿದ್ದೆ. ಹೆಂಗಸರು ಬೇರೆಯೇ ಹೇಳಿದರು. ದಂಡ ಬಿಡಲಿ, ಬಿಡದಿರಲಿ, ಹತ್ತು ಜನರ ಮುಂದೆ ಆಯಿತೇ? ಕದ್ದು ತೋರಿದ ಕರುಣೆಯ ಮೇಲೂ ಅವರಿಗೆ ಅನುಮಾನ. ಇವತ್ತು ಅವಳಿಗೆ ಬಿಟ್ಟವಳು ನಾಳೆ ತನ್ನ ತಂಗಿಗೂ ಬಿಡುತ್ತಾಳೆ. ಒಬ್ಬ ಅಜ್ಜಿ ತಮ್ಮ ಪ್ರತಿನಿಧಿಯ ಬಗ್ಗೆ ಹೇಳಿದ್ದು: ‘ಅವ್ಳಿಗೆ ಓದು ಕಮ್ಮಿ ಕಣವ್ವ. ಆದ್ರೆ ಪುಸ್ತಕ ನಡುಮನೇಲಿ ಮಡಗವ್ಳೆ. ಯಾರು ಬೇಕಾದ್ರೂ ತಗ್ದು ನೋಡಬೌದು.’

ಹ್ಯಾಸ್ಲಮ್, ರೀಚರ್ ಮೊದಲಾದ ಮನೋವಿಜ್ಞಾನಿಗಳು ನಾಯಕರಾಗುವವರು ಗುಂಪಿನ ‘ನಾವು’ ಎಂಬುದನ್ನು ತಮ್ಮಲ್ಲೇ ತೋರಿಸಬೇಕು ಎನ್ನುತ್ತಾರೆ. ಆ ಅಜ್ಜಿಯ ಮಾತಿನಲ್ಲಿ ಅದು ನಡುಮನೆಯ ಪುಸ್ತಕವಾಗಿತ್ತು. ನಾಯಕತ್ವದ ಬಗ್ಗೆ ಆಮೇಲೆ ನಾನು ಬರೆದಿದ್ದೆಲ್ಲ ಇದರ ಸುತ್ತಲೇ ಇದೆ: ಗುಂಪು ತನ್ನ ಮುಂದಾಳಿನಲ್ಲಿ ಒಳ್ಳೆಯತನಕ್ಕಿಂತ ಹೆಚ್ಚಾಗಿ, ಆ ಒಳ್ಳೆಯತನವನ್ನು ತಾನೇ ಪರೀಕ್ಷಿಸಿ ನೋಡುವ ಅವಕಾಶವನ್ನು ಬಯಸುತ್ತದೆ.

ಇದೇ ನೈತಿಕ ಬಲ ತಿರುಗಿ ಬೀಳುವುದನ್ನೂ ನೋಡಿದ್ದೇನೆ. ಕಂತು ತಪ್ಪಿಸಿದವಳ ಬಾಗಿಲ ಮುಂದೆ ಇಡೀ ಸಂಘ ಬಂದು ಕೂರುವುದು, ನೀರಿನ ನಲ್ಲಿಯ ಹತ್ತಿರ ಯಾರೂ ಮಾತಾಡಿಸದಿರುವುದು. ಹಾಗೆ ಮಾಡಿದವರು ಕೆಟ್ಟವರಲ್ಲ. ತಾವು ಮಾಡುತ್ತಿರುವುದು ನ್ಯಾಯ ಎಂದೇ ನಂಬಿದ್ದರು, ಅದೇ ಭಯ ಹುಟ್ಟಿಸುವ ವಿಷಯ. ಅಂಥ ಸಭೆಗಳಲ್ಲಿ ಮನೋವಿಜ್ಞಾನಿ ಸಾಲಮನ್ ಆಶ್ ನೆನಪಾಗುತ್ತಿದ್ದರು. 1950ರ ದಶಕದ ಅವರ ಪ್ರಯೋಗದಲ್ಲಿ ಮೊದಲೇ ಹೇಳಿಕೊಟ್ಟಿದ್ದ ಉಳಿದವರೆಲ್ಲರೂ ಗೆರೆಯ ಉದ್ದವನ್ನು ತಪ್ಪಾಗಿ ಹೇಳಿದಾಗ, ನಿಜ ಕಾಣುತ್ತಿದ್ದವರೂ ಸುಮಾರು ಮೂರರಲ್ಲೊಂದು ಸಲ ತಪ್ಪನ್ನೇ ಹೇಳಿದರು. ಜೊತೆಗೆ ಒಬ್ಬನೇ ಒಬ್ಬ ನಿಜ ಹೇಳುವವನು ಸಿಕ್ಕರೆ ಅದು ತೀರಾ ಇಳಿದುಹೋಗುತ್ತಿತ್ತು. ‘ಇರ್ಲಿ ಬುಡಿ, ಮುಂದಿನ ವಾರ ಕಟ್ಲಿ’ ಎಂದು ಒಬ್ಬಳು ದನಿ ತೆಗೆದ ಕೂಡಲೇ ಇನ್ನಿಬ್ಬರು ತಲೆಯಾಡಿಸುವುದನ್ನು ಕಂಡಾಗ, ಸಂಘದ ಆರೋಗ್ಯ ತಿಳಿಯಲು ಅದರ ಮುಂದಾಳನ್ನು ಮಾತ್ರ ನೋಡಿದರೆ ಸಾಲದು, ಆ ಮೊದಲ ದನಿಗೆ ಅಲ್ಲಿ ಜಾಗವಿದೆಯೇ ಎಂದೂ ನೋಡಬೇಕು ಎಂದು ಗಟ್ಟಿಯಾಯಿತು.

ಒಪ್ಪಿಗೆ ಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅದನ್ನು ಜೋರಾಗಿ ಓದಿ ಹೇಳಿ, ಆಮೇಲೂ ಹಿಂತೆಗೆದುಕೊಳ್ಳಬಹುದು ಎಂದು ತಿಳಿಸಿ. ಸದಸ್ಯೆ ಹೇಳಿದ್ದು ಪ್ರತಿನಿಧಿಗಾಗಲಿ ಬ್ಯಾಂಕಿನವರಿಗಾಗಲಿ ಹೋಗಕೂಡದು. ಅದೇ ಊರಿನ ವಿದ್ಯಾರ್ಥಿಯನ್ನು ಸಂದರ್ಶನಕ್ಕೆ ಕಳಿಸಬೇಡಿ. ಕೊನೆಗೆ ನಿಮಗೆ ತಿಳಿದದ್ದನ್ನು ಯಾರ ಹೆಸರೂ ಬರದಂತೆ ಅವರ ಸಭೆಯಲ್ಲೇ ಹೇಳಿ. ಅಲ್ಲಿ ಬರುವ ಆಕ್ಷೇಪಗಳು ಯಾವ ಜರ್ನಲ್‌ನ ವಿಮರ್ಶಕರ ಆಕ್ಷೇಪಗಳಿಗಿಂತಲೂ ಹರಿತವಾಗಿರುತ್ತವೆ.

ಜರ್ನಲ್‌ಗಳಿಂದ ‘ಕರ್ನಾಟಕದ ಹಳ್ಳಿಯಲ್ಲಿ ಕಂಡದ್ದು ಬೇರೆ ಕಡೆಗೆ ಅನ್ವಯಿಸುತ್ತದೆಯೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲಿನ ಅಧ್ಯಯನಕ್ಕೆ ಅದನ್ನು ಕೇಳುವುದು ಅಪರೂಪ. 2010ರಲ್ಲಿ ಹೆನ್ರಿಕ್, ಹೈನ್, ನೊರೆನ್‌ಝಯಾನ್ ಬರೆದ ಲೇಖನ ನನಗೆ ಆಸರೆಯಾಯಿತು. ಮುಖ್ಯ ಜರ್ನಲ್‌ಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇ. 96 ಮಂದಿ ಜಗತ್ತಿನ ಜನಸಂಖ್ಯೆಯ ಶೇ. 12ರಷ್ಟಿರುವ ದೇಶಗಳವರು ಎಂದು ಅವರು ತೋರಿಸಿದ್ದರು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅಂಕಿಅಂಶದ ಲೆಕ್ಕದಲ್ಲಿ ಶೇ. 36 ಮಾತ್ರ ನಿಂತವು. ಅಂದಿನಿಂದ ಒಂದು ತಾಲ್ಲೂಕಿನಲ್ಲಿ ಕಂಡದ್ದನ್ನು ಇನ್ನೊಂದರಲ್ಲಿ ನೋಡದೆ ಪ್ರಕಟಣೆಗೆ ಕಳಿಸುವುದಿಲ್ಲ. ಬಡ್ತಿಯ ಅಂಕಗಳ ಲೆಕ್ಕದಲ್ಲಿ ಇದು ನಿಧಾನದ ದಾರಿ, ಆದರೂ ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ.

ಈಗ ಮೈಕ್ರೋಫೈನಾನ್ಸ್ ಸಾಲದ ಗುಂಪುಗಳ ಕಡೆ ತಿರುಗಿದ್ದೇವೆ. ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಅಲ್ಲಿ ಗುಂಪು ಹುಟ್ಟುವುದು ಸಾಲಕ್ಕಾಗಿ, ಒಬ್ಬಳು ಕಟ್ಟದಿದ್ದರೆ ಉಳಿದವರೆಲ್ಲ ಹೊಣೆ. ವರ್ಷಗಟ್ಟಲೆ ಜೊತೆಗೆ ಉಳಿತಾಯ ಮಾಡಿದ ಸಂಘಕ್ಕೂ ಇದಕ್ಕೂ ‘ಇರ್ಲಿ ಬುಡಿ’ ಎನ್ನುವ ದನಿಯಲ್ಲಿ ವ್ಯತ್ಯಾಸವಿದೆಯೇ? ಒಂದೇ ಹೆಂಗಸು ಎರಡರಲ್ಲೂ ಇದ್ದಾಗ ಎರಡು ಕಡೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತಾಳೆಯೇ? ಹುಣಸೆ ಬೀಜದ ಚೀಲ, ಹೊಸ ಕತೆಗಳು ಸಿದ್ಧವಾಗಿವೆ. ಮೊದಲ ಸುತ್ತಿನ ಸಂದರ್ಶನಗಳು ನಂಜನಗೂಡು ಕಡೆಯ ಹಳ್ಳಿಗಳಲ್ಲಿ ಶುರುವಾಗಿವೆ.