ಬೆಳ್ಳಿಗೆ ಪೆನಿಸಿಲಿನ್ ಒಗ್ಗದ ದಿನ

ಬೆಳ್ಳಿ ನನ್ನ ಹೆಣ್ಣು ಕುದುರೆ. ಹಿಂಗಾಲಿನ ಗಾಯಕ್ಕೆ ಡಾಕ್ಟರು ಪ್ರೊಕೇನ್ ಪೆನಿಸಿಲಿನ್ ಬರೆದಿದ್ದರು. ದಿನವೂ ನಾನೇ ಚುಚ್ಚುತ್ತಿದ್ದೆ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆಯೂ ಕತ್ತಿನ ಮಾಂಸಕ್ಕೆ ಸೂಜಿ ಹಾಕಿದೆ. ಸಿರಿಂಜನ್ನು ಸ್ವಲ್ಪ ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲ ಅಂತ ನೋಡಿಕೊಂಡೆ. ನಿಧಾನವಾಗಿ ಮದ್ದು ಬಿಟ್ಟೆ. ಸೂಜಿ ತೊಳೆಯಲು ಹೊರಗೆ ಹೋದೆ.

ಹತ್ತು ನಿಮಿಷ ಆಗಿರಬೇಕು. ಲಾಯದ ಹುಡುಗ ಕೂಗಿದ: "ಅಣ್ಣಾ, ಬೆಳ್ಳಿ ಯಾಕೋ ಸರಿ ಇಲ್ಲ, ಬೇಗ ಬನ್ನಿ."

ಹೋಗಿ ನೋಡಿದರೆ ಅವಳು ನಿಂತಲ್ಲಿ ನಿಲ್ಲುತ್ತಿಲ್ಲ. ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿದ್ದಾಳೆ. ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಾಳೆ. ಆಗಲೇ ಎರಡು ಸಲ ತೆಳ್ಳಗೆ ಲದ್ದಿ ಹಾಕಿದ್ದಳು. ಕತ್ತು, ಎದೆ ಎಲ್ಲಾ ಬೆವರು. ನನಗೆ ಮೊದಲು ಅನಿಸಿದ್ದು ಹೊಟ್ಟೆನೋವು ಅಂತಲೇ. ಆಮೇಲೆ, ಇದು ಪ್ರೊಕೇನ್ ಏರಿದ್ದಿರಬಹುದಾ ಅಂತ ಯೋಚನೆ ಬಂತು. ಈ ಎರಡನೇ ಯೋಚನೆಯೇ ನನ್ನ ನಾಲ್ಕು ನಿಮಿಷ ತಿಂದಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಇಂಜೆಕ್ಷನ್ ಕೊಡುವ ಯಾರಿಗಾದರೂ ಇದೇ ಗೊಂದಲ ಆಗಬಹುದು. ಪ್ರೊಕೇನ್ ಪೆನಿಸಿಲಿನ್ ಅಕಸ್ಮಾತ್ ರಕ್ತನಾಳಕ್ಕೆ ಹೋದರೆ, ಅದರಲ್ಲಿರುವ ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದು ನೇರ ಮಿದುಳಿಗೆ ಏರುತ್ತದೆ. ಕುದುರೆ ಹುಚ್ಚು ಹಿಡಿದಂತೆ ಬುಸುಗುಡುತ್ತದೆ, ಮೇಲೆದ್ದು ನಿಲ್ಲುತ್ತದೆ, ಗೋಡೆಗೆ ಢಿಕ್ಕಿ ಹೊಡೆಯುತ್ತದೆ, ಬಿದ್ದರೂ ಬೀಳಬಹುದು. ನೋಡುವವರ ಎದೆ ಒಡೆಯುತ್ತದೆ. ಆದರೆ ಅದು ಅಲರ್ಜಿ ಅಲ್ಲ. ಸಾಮಾನ್ಯವಾಗಿ ಸೂಜಿ ಇನ್ನೂ ಕೈಯಲ್ಲಿರುವಾಗಲೇ, ಇಲ್ಲವೇ ಒಂದು ನಿಮಿಷದೊಳಗೆ ಶುರುವಾಗುತ್ತದೆ. ಮೈ ಊದುವುದಿಲ್ಲ. ಅಷ್ಟರಲ್ಲಿ ತಾನೇ ಗಾಯ ಮಾಡಿಕೊಳ್ಳದಿದ್ದರೆ ಬಹುತೇಕ ಕುದುರೆಗಳು ಕೆಲವೇ ನಿಮಿಷಗಳಲ್ಲಿ ತಹಬದಿಗೆ ಬರುತ್ತವೆ. ಅದಕ್ಕೆ ಮಾಡಬೇಕಾದ್ದು ದೂರ ಸರಿದು ನಿಲ್ಲುವುದು. ಹಿಂದೊಮ್ಮೆ ಬೇರೆ ಕುದುರೆಯಲ್ಲಿ ಅದನ್ನು ನೋಡಿದ್ದೆ. ಅದಕ್ಕೇ ಈಗಲೂ ತಾನಾಗಿ ಇಳಿಯುತ್ತೆ ಅಂತ ಸುಮ್ನೆ ನೋಡುತ್ತಾ ನಿಂತೆ. ಶುರುವಾಗಿದ್ದೇ ಹತ್ತು ನಿಮಿಷದ ಮೇಲೆ ಅನ್ನುವುದು ತಲೆಗೆ ಹೋಗಲಿಲ್ಲ.

ಆಮೇಲೆ ಕತ್ತಿನ ಮೇಲೆ ಗಂದೆ ಎದ್ದವು. ರೂಪಾಯಿ ನಾಣ್ಯದಷ್ಟು ಅಗಲ, ಮೆತ್ತಗೆ. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ನೋಡುತ್ತಿದ್ದಂತೆ ಎದೆಗೆ, ಪಕ್ಕೆಗೆ ಹರಡಿದವು. ರೆಪ್ಪೆ ಊದಿ ಒಂದು ಕಣ್ಣು ಅರ್ಧ ಮುಚ್ಚಿತು. ಆಗ ನನಗೆ ಇದು ಅಲರ್ಜಿ ಅಂತ ಅರ್ಥವಾಯಿತು.

ಹುಡುಗನಿಗೆ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಲು ಹೇಳಿದೆ. ಡಾಕ್ಟರು ಕೇಳಿದ ಮೊದಲ ಮಾತು ಗಂದೆ ಬಗ್ಗೆ ಅಲ್ಲ. "ಉಸಿರು ಎಷ್ಟಿದೆ? ಎಣಿಸಿ ಹೇಳಿ" ಅಂದರು. ಪಕ್ಕೆ ನೋಡಿ ಹದಿನೈದು ಸೆಕೆಂಡು ಎಣಿಸಿದೆ. ಹನ್ನೊಂದು. ಅಂದರೆ ನಿಮಿಷಕ್ಕೆ 44. ಸುಮ್ಮನೆ ನಿಂತ ದೊಡ್ಡ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟೆ. ಎದೆಬಡಿತ 84. ಇರಬೇಕಾದ್ದು 28ರಿಂದ 44. ತುಟಿ ಎತ್ತಿ ಒಸಡು ಒತ್ತಿ ಬಿಟ್ಟೆ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಇವಳದು ನಾಲ್ಕಾದರೂ ತುಂಬಲಿಲ್ಲ. ಮೂಗಿನ ಹೊಳ್ಳೆ ಪೂರ್ತಿ ಅರಳಿತ್ತು, ಒಳಗೆ ಗೊರಗೊರ ಸದ್ದು ಬರುತ್ತಿತ್ತು.

"ಅಡ್ರಿನಲಿನ್ ಇದೆಯಲ್ಲ? ಈಗಲೇ ಕೊಡಿ. ಕತ್ತಿನ ಮಾಂಸಕ್ಕೆ, ಇನ್ನೊಂದು ಪಕ್ಕಕ್ಕೆ. ನಾನು ಹೊರಟೆ" ಅಂದರು.

ಅಡ್ರಿನಲಿನ್ ಇತ್ತು. ಡಾಕ್ಟರೇ ಕೊಟ್ಟು, ಅಳತೆ ಹೇಳಿ, ಹೇಗೆ ಚುಚ್ಚಬೇಕೆಂದು ತೋರಿಸಿಕೊಟ್ಟಿದ್ದರು. ಡಬ್ಬದ ಮುಚ್ಚಳದ ಮೇಲೆ ನಾನೇ ಬರೆದಿದ್ದೆ: ಬೆಳ್ಳಿ, 450 ಕೆಜಿ, 4.5 ಎಂಎಲ್, ಮಾಂಸಕ್ಕೆ. ಆ ಒಂದು ಸಾಲು ಇಲ್ಲದಿದ್ದರೆ ಏನಾಗುತ್ತಿತ್ತೋ. ನನ್ನ ಕೈ ನಡುಗುತ್ತಿತ್ತು. ಆ ಹೊತ್ತಿನಲ್ಲಿ ಮಗ್ಗಿ ಹೇಳು ಅಂದಿದ್ದರೆ ತಪ್ಪುತ್ತಿದ್ದೆ. ಲೆಕ್ಕ ಕಷ್ಟದ್ದಲ್ಲ. ಒಂದು ಎಂಎಲ್‌ನಲ್ಲಿ ಒಂದು ಮಿಲಿಗ್ರಾಂ ಇರುವ ಮದ್ದಾದರೆ, ಮಾಂಸಕ್ಕೆ ಕೊಡುವಾಗ ನೂರು ಕೆಜಿಗೆ ಒಂದು ಎಂಎಲ್. ಆದರೆ ಆ ಲೆಕ್ಕ ಮೊದಲೇ ಆಗಿರಬೇಕು, ನಿಮ್ಮ ಕುದುರೆಯನ್ನು ಬಲ್ಲ ಡಾಕ್ಟರು ಅದಕ್ಕೆ ಹೂಂ ಅಂದಿರಬೇಕು. ರಕ್ತನಾಳಕ್ಕೆ ಕೊಡುವುದು ಅವರ ಕೆಲಸ, ಅದನ್ನು ನಾನು ಮುಟ್ಟುವುದಿಲ್ಲ.

ತೂಕ ತಿಳಿಯಲು ನನ್ನ ಹತ್ತಿರ ತಕ್ಕಡಿ ಇಲ್ಲ, ಟೇಪು ಸಾಕು. ಮೊಣಕೈ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಬೇಕು. ಬೆಳ್ಳಿಯದು 180 ಮತ್ತು 165. ಸರಿಯಾಗಿ 450 ಬರುತ್ತದೆ.

ಚುಚ್ಚಿದ ಮೇಲೆ ಮೊದಲ ಎರಡು ನಿಮಿಷ ಅವಳು ಇನ್ನೂ ಜಾಸ್ತಿ ನಡುಗಿದಳು. ಅಡ್ರಿನಲಿನ್ನಿಗೆ ಎದೆ ಜೋರಾಗಿ ಬಡಿಯುತ್ತದೆ, ಮೈ ನಡುಗುತ್ತದೆ. ಡಾಕ್ಟರು ಇದನ್ನು ಮುಂಚೆಯೇ ಹೇಳಿದ್ದರಿಂದ ಗಾಬರಿ ಬೀಳಲಿಲ್ಲ. ಹಗ್ಗವನ್ನು ಗೂಟಕ್ಕೆ ಕಟ್ಟಲಿಲ್ಲ, ಉದ್ದ ಬಿಟ್ಟು ಕೈಯಲ್ಲೇ ಹಿಡಿದೆ. ಹುಡುಗನನ್ನು ಬಾಗಿಲಾಚೆ ನಿಲ್ಲಿಸಿದೆ. ಬೀಳುವ ಕುದುರೆಯನ್ನು ಮನುಷ್ಯ ತಡೆಯಲಾರ, ಗೋಡೆಗೂ ಅದಕ್ಕೂ ನಡುವೆ ಯಾರೂ ಇರಬಾರದು. ನೀರು, ಹುಲ್ಲು, ಮಾತ್ರೆ ಯಾವುದನ್ನೂ ಬಾಯಿಗೆ ಕೊಡಲಿಲ್ಲ. ಗಂಟಲು ಊದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಐದನೇ ನಿಮಿಷಕ್ಕೆ ಉಸಿರು 36. ಹತ್ತನೇ ನಿಮಿಷಕ್ಕೆ 28. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗಂಟೆ ಹಾಕಿ ಬರೆಯುತ್ತಾ ಹೋದೆ. ಅದನ್ನು ಬರೆದದ್ದು ಡಾಕ್ಟರಿಗೆ ಬಹಳ ನೆರವಾಯಿತು. ಇಳಿಯದಿದ್ದರೆ ಹದಿನೈದು ನಿಮಿಷದ ಮೇಲೆ ಇನ್ನೊಂದು ಸಲ ಕೊಡಬೇಕಾಗಬಹುದು, ಆದರೆ ತಮ್ಮನ್ನು ಕೇಳಿಯೇ ಕೊಡಬೇಕು ಅಂದಿದ್ದರು. ಅದರ ಅಗತ್ಯ ಬೀಳಲಿಲ್ಲ.

ಅವರು ಬಂದವರೇ ಮೊದಲು ಮೂಗಿನ ಹೊಳ್ಳೆ ನೋಡಿದರು. ನಮ್ಮ ಹಾಗೆ ಕುದುರೆ ಬಾಯಿಂದ ಉಸಿರಾಡಲಾರದು, ಅದಕ್ಕೆ ಮೂಗೊಂದೇ ದಾರಿ. ಅದು ಊದಿ ಮುಚ್ಚಿದರೆ ಕುತ್ತಿಗೆಯಲ್ಲಿ ಗಾಳಿಕೊಳವೆಗೇ ತೂತು ಮಾಡಬೇಕಾಗುತ್ತದೆ. ಅದಕ್ಕೆ ಬೇಕಾದ್ದನ್ನೆಲ್ಲ ಟ್ರೇಯಲ್ಲಿ ಬಿಚ್ಚಿಟ್ಟುಕೊಂಡೇ ಉಳಿದ ಕೆಲಸ ಮಾಡಿದರು. ಡ್ರಿಪ್ ಹಾಕಿದರು, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಸ್ಟೀರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳೇ ಬೇಕು, ಆ ಮೊದಲ ನಿಮಿಷಗಳಲ್ಲಿ ಪ್ರಾಣ ಹಿಡಿಯುವುದು ಅಡ್ರಿನಲಿನ್ ಮಾತ್ರ ಅಂದರು. ಕುದುರೆಗೆ ಇಂಥ ಹೊಡೆತ ಹೆಚ್ಚಾಗಿ ಬೀಳುವುದು ಶ್ವಾಸಕೋಶಕ್ಕೆ ಮತ್ತು ಕರುಳಿಗೆ. ಬೆಳ್ಳಿ ಹೊಟ್ಟೆ ನೋಡಿಕೊಂಡದ್ದು, ತೆಳ್ಳಗೆ ಲದ್ದಿ ಹಾಕಿದ್ದು ಅದಕ್ಕೇ. ಚರ್ಮದ ಮೇಲೆ ಒಂದೂ ಗಂದೆ ಏಳದೆಯೂ ಕುದುರೆ ಕುಸಿದು ಬೀಳಬಹುದಂತೆ. ನಾನು ಗಂದೆ ಏಳುವವರೆಗೆ ಕಾದಿದ್ದೆ. ಆ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

"ಮೂರು ದಿನ ಒಗ್ಗಿತ್ತಲ್ಲ ಡಾಕ್ಟ್ರೇ?" ಅಂತ ಕೇಳಿದೆ. ಎರಡು ವರ್ಷದ ಹಿಂದೆಯೂ ಅವಳಿಗೆ ಇದೇ ಮದ್ದು ಕೊಟ್ಟಿದ್ದೆವು. ಮೊದಲು ಒಗ್ಗಿದ್ದೇ ಧೈರ್ಯಕ್ಕೆ ಕಾರಣ ಆಗಬಾರದು ಅಂದರು. ಆಮೇಲೆ ನಾನು ಇದರ ಬಗ್ಗೆ ಓದಿದೆ. 1902ರಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಷಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸೀ ಅನಿಮೋನ್ ಎಂಬ ಕಡಲಜೀವಿಯ ವಿಷವನ್ನು ನಾಯಿಗಳಿಗೆ ಕೊಟ್ಟು ಪರೀಕ್ಷಿಸುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರದ ಮೇಲೆ ಅದನ್ನೇ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. ಬೆಳ್ಳಿಗೆ ಆದಂಥ ಜೋರು ಅಲರ್ಜಿಗೆ ಅನಾಫಿಲಾಕ್ಸಿಸ್ ಅನ್ನುವ ಹೆಸರು ಬಂದದ್ದು ಆ ಕೆಲಸದಿಂದ. ಅದಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಸಿಕ್ಕಿತು. ಮೈ ಮೊದಲ ಸಲ ಪರಿಚಯ ಮಾಡಿಕೊಳ್ಳುತ್ತದೆ, ಆಮೇಲೆ ಯಾವತ್ತೋ ಎದುರು ಬೀಳುತ್ತದೆ.

ಸಂಜೆ ಹೊತ್ತಿಗೆ ಬೆಳ್ಳಿ ಹುಲ್ಲು ಮೂಸಿದಳು. ರಾತ್ರಿ ಒಂಬತ್ತಕ್ಕೆ ಮತ್ತೆ ಪಕ್ಕೆಯಲ್ಲಿ ಗಂದೆ ಎದ್ದವು. ಒಮ್ಮೆ ಇಳಿದದ್ದು ಗಂಟೆಗಳ ಮೇಲೆ ಮರಳಬಹುದು ಅಂತ ಡಾಕ್ಟರು ಎಚ್ಚರಿಸಿದ್ದರು. ಈ ಸಲ ನಾನು ನೇರ ಪಕ್ಕೆ ನೋಡಿದೆ. ಉಸಿರು 14. ಫೋನಿನಲ್ಲಿ ಅಷ್ಟೇ ಹೇಳಿದೆ. ಕಾಯೋಣ ಅಂದರು. ಬೆಳಗಿನವರೆಗೆ ಅರ್ಧ ಗಂಟೆಗೊಮ್ಮೆ ಎಣಿಸಿದೆ. ಬೆಳಕು ಹರಿಯುವಾಗ ಗಂದೆ ಇಳಿದಿದ್ದವು. ಸ್ಟೀರಾಯ್ಡ್ ಕೊಟ್ಟದ್ದರಿಂದ ಗೊರಸಿನ ಬಾವು ಬರದಿರಲಿ ಅಂತ ಮುಂದಿನ ವಾರವೆಲ್ಲ ದಿನಕ್ಕೆರಡು ಸಲ ಗೊರಸು ಮುಟ್ಟಿ ಬಿಸಿ ನೋಡಿದೆ, ಹೆಜ್ಜೆ ನೋಡಿದೆ. ಬರಲಿಲ್ಲ.

ಈಗ ಅವಳ ಲಾಯದ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ "ಪೆನಿಸಿಲಿನ್ ಕೊಡಬಾರದು" ಅಂತ ಬರೆದಿದೆ. ಅದೇ ಗುಂಪಿಗೆ ಸೇರಿದ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಹೆಸರೂ ಕೆಳಗಿದೆ, ಏಕೆಂದರೆ ನಾನಿಲ್ಲದಾಗ ಬೇರೆ ಯಾರೋ ಚುಚ್ಚಬೇಕಾಗಿ ಬರಬಹುದು. ಅಡ್ರಿನಲಿನ್ ಶೀಶೆಯನ್ನು ಬೆಳಕು ಬೀಳದ ಡಬ್ಬದಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆ ತೆಗೆದು ದಿನಾಂಕ ನೋಡುತ್ತೇನೆ. ಬಣ್ಣ ಕಂದಾಗಿದ್ದರೆ ದಿನಾಂಕ ಉಳಿದಿದ್ದರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಯಾವ ಇಂಜೆಕ್ಷನ್ ಆದರೂ ಕೊಡುವ ಮೊದಲು ಉಸಿರು ಎಣಿಸಿ ಬರೆಯುತ್ತೇನೆ. ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ. ಸೂಜಿ ಆಮೇಲೆ ತೊಳೆದರಾಯಿತು.

ಎಂಟು ತಿಂಗಳ ಮೇಲೆ ಧನುರ್ವಾಯು ಲಸಿಕೆ ಹಾಕಿಸುವ ದಿನ ಬಂತು. ಡಾಕ್ಟರು ಚುಚ್ಚಿದರು, ಅವರೂ ಹೋಗದೆ ನಿಂತರು. ನಾನು ಬಾಗಿಲಲ್ಲಿ ಕೂತು ಬೆಳ್ಳಿಯ ಪಕ್ಕೆ ನೋಡುತ್ತಿದ್ದೆ. ಹನ್ನೆರಡು. ಹತ್ತು ನಿಮಿಷ ಬಿಟ್ಟು ಮತ್ತೆ ಹನ್ನೆರಡು. ಅರ್ಧ ಗಂಟೆ ಮುಗಿದ ಮೇಲೆ ಅವಳಿಗೆ ಹುಲ್ಲು ಹಾಕಿದೆ.