ಪರೇಡ್‌ಗೆ ಶಾಲಾ ಬ್ಯಾಂಡ್: ಮೊದಲು ಹೆಜ್ಜೆ, ಆಮೇಲೆ ಟ್ಯೂನ್

ಜನವರಿ 26ಕ್ಕೆ ಕೋಲಾರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ನಿಮ್ಮ ಶಾಲೆಯ ಬ್ಯಾಂಡ್ ನುಡಿಸಬೇಕು ಅಂತ ಇಟ್ಟುಕೊಳ್ಳಿ. ಸುದ್ದಿ ಬಂದ ಕೂಡಲೇ ಎಲ್ಲರೂ ಹೊಸ ಟ್ಯೂನ್ ಹುಡುಕಲು ಶುರು ಮಾಡುತ್ತಾರೆ. ಸದ್ಯಕ್ಕೆ ಅದನ್ನು ಬಿಡಿ. ಬ್ಯೂಗಲ್‌ನಲ್ಲಿ ಒಂದು ಸ್ವರ ತಪ್ಪಿದರೆ ಗ್ಯಾಲರಿಯಲ್ಲಿ ಕೂತ ಹತ್ತು ಜನಕ್ಕೂ ಗೊತ್ತಾಗುವುದಿಲ್ಲ. ಒಬ್ಬನ ಕಾಲು ತಪ್ಪಿದರೆ ಇಡೀ ಮೈದಾನಕ್ಕೇ ಕಾಣುತ್ತದೆ.

ಹಾಗಾಗಿ ಮೊದಲ ಕೆಲವು ದಿನ ಬರಿಗೈಯಲ್ಲೇ ನಡೆಸಿ. ಬೇಸ್ ಡ್ರಮ್ ಒಂದೇ ಬಾರಿಸಲಿ. ಅದರ ಜೋರಾದ ಪೆಟ್ಟು ಯಾವಾಗಲೂ ಎಡಗಾಲಿಗೆ ಬೀಳಬೇಕು. ಸೇನೆಯಲ್ಲಿ ‘ತೇಜ್ ಚಲ್’ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಹೈಸ್ಕೂಲ್ ಮಕ್ಕಳು ಡ್ರಮ್ ಹೊತ್ತು ಅಷ್ಟು ಓಡಬೇಕಿಲ್ಲ. 110ರ ಆಸುಪಾಸು ಸಾಕು, ಆದರೆ ಕೊನೆತನಕ ಅದೇ ವೇಗ ಇರಬೇಕು. ಮೊಬೈಲ್‌ನಲ್ಲಿ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೋನೋಮ್ ಆಪ್ ಹಾಕಿಕೊಂಡು ನೋಡಿ. ಉತ್ಸಾಹ ಬಂದಾಗ ವೇಗ ಹೆಚ್ಚಿಸುವವರು ಸಾಮಾನ್ಯವಾಗಿ ಸೈಡ್ ಡ್ರಮ್‌ನವರು. ಅವರನ್ನು ಹದ್ದುಬಸ್ತಿನಲ್ಲಿಟ್ಟರೆ ಅರ್ಧ ಗೆದ್ದಂತೆ.

ಕಾಲು ಕೂಡಿದ ಮೇಲೆ ತಿರುವು. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಮೂಲೆ ಗುರುತು ಮಾಡಿ. ಒಳಗಡೆ ಇರುವವರು ಚಿಕ್ಕ ಹೆಜ್ಜೆ, ಹೊರಗಿನವರು ದೊಡ್ಡ ಹೆಜ್ಜೆ, ತಾಳ ಮಾತ್ರ ಎಲ್ಲರಿಗೂ ಒಂದೇ. ಹೊರಗಿನ ತುದಿಗೆ ಉದ್ದ ಕಾಲಿನವರನ್ನೇ ನಿಲ್ಲಿಸಿ. ಸುಮ್ನೆ ಎತ್ತರದ ಪ್ರಕಾರ ನಿಲ್ಲಿಸಿದರೆ ತಿರುವಿನಲ್ಲಿ ಸಾಲು ಒಡೆಯುತ್ತದೆ.

ಈಗ ಟ್ಯೂನ್. ಎರಡು ಸಾಕು, ಮೂರನೆಯದು ಬೇಡವೇ ಬೇಡ. ಆದರೆ ಅಳತೆ ಹಾಕಿ. ನಾಲ್ಕು ಎಣಿಕೆಯ 16 ಬಾರ್‌ಗಳ (ತಾಳದ ಸುತ್ತುಗಳ) ಟ್ಯೂನ್ ಅಂದರೆ, ಎಣಿಕೆಗೊಂದು ಹೆಜ್ಜೆಯಂತೆ 64 ಹೆಜ್ಜೆ. ಮಕ್ಕಳ ಹೆಜ್ಜೆ ಎರಡು ಅಡಿ ಅಂತ ಹಿಡಿದರೆ 128 ಅಡಿ. ವೇದಿಕೆಯ ಮುಂದೆ ಹಾದುಹೋಗುವ ದೂರವನ್ನು ತಾಲೀಮಿನ ದಿನ ಟೇಪ್ ಹಿಡಿದು ಅಳೆಯಿರಿ. ಎಲ್ಲಿಂದ ಶುರು ಮಾಡಿದರೆ ಸಚಿವರ ಎದುರಿಗೆ ಟ್ಯೂನ್ ಮಧ್ಯದಲ್ಲಿ ಇರುತ್ತದೆ ಅಂತ ಲೆಕ್ಕ ಸಿಗುತ್ತದೆ. ವಂದನೆ ಸಲ್ಲಿಸುವಾಗಲೇ ಟ್ಯೂನ್ ಮುಗಿದುಹೋಗಿ ಬರೀ ಡ್ರಮ್ ಸದ್ದು ಉಳಿದರೆ ಚೆನ್ನಾಗಿರಲ್ಲ, ಅಲ್ವಾ?

ರಾಷ್ಟ್ರಗೀತೆ ಯಾರು ನುಡಿಸುತ್ತಾರೆ ಅಂತ ಮೊದಲೇ ಕೇಳಿ. ಪೊಲೀಸ್ ಬ್ಯಾಂಡ್ ನುಡಿಸುವುದಾದರೆ ನಿಮ್ಮವರು ಸಾವಧಾನದಲ್ಲಿ ನಿಂತರಾಯಿತು. ನಿಮಗೇ ಬಂದರೆ ಅದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು. ಪೂರ್ತಿ ಗೀತೆಗೆ ಸುಮಾರು 52 ಸೆಕೆಂಡ್. ಈಗ ರಾಷ್ಟ್ರಗೀತೆ ಬರುತ್ತದೆ ಅಂತ ಜನರಿಗೆ ತಿಳಿಸಲು ಮುಂಚೆ ಡ್ರಮ್ ರೋಲ್ ಇರುತ್ತದೆ. ಅದರ ಉದ್ದ ನಿಧಾನ ನಡಿಗೆಯ ಏಳು ಹೆಜ್ಜೆಯಷ್ಟು, ಅಂದರೆ ಸುಮಾರು ಆರು ಸೆಕೆಂಡ್. ಮೆಲ್ಲಗೆ ಶುರುವಾಗಿ, ಆದಷ್ಟು ಜೋರಿಗೆ ಏರಿ, ಮತ್ತೆ ಇಳಿಯಬೇಕು. ಏಳನೇ ಎಣಿಕೆವರೆಗೂ ಸದ್ದು ಕೇಳುತ್ತಲೇ ಇರಬೇಕು. ಆಮೇಲೆ ಒಂದು ಎಣಿಕೆ ಮೌನ. ನಂತರ ಗೀತೆ. ಆ ಒಂದು ಎಣಿಕೆಯ ಮೌನದಲ್ಲೇ ಹುಡುಗರು ಅವಸರ ಮಾಡುವುದು. ಮುಂದೆ ನಿಂತು ಬ್ಯಾಂಡ್ ನಡೆಸುವ ಬ್ಯಾಂಡ್ ಮೇಜರ್ ತನ್ನ ಕೈಯ ಉದ್ದ ಕೋಲು, ಅಂದರೆ ಮೇಸ್ ಇಳಿಸುವ ತನಕ ಯಾರೂ ಊದಬಾರದು ಅಂತ ಕಟ್ಟುನಿಟ್ಟು ಮಾಡಿ.

ಶಾಲೆ ಮೈದಾನಕ್ಕೂ ಕ್ರೀಡಾಂಗಣಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 170 ಮೀಟರ್ ದೂರದ ಸದ್ದು ನಿಮ್ಮ ಕಿವಿಗೆ ಬರುವಷ್ಟರಲ್ಲಿ ಅರ್ಧ ಸೆಕೆಂಡ್, ಅಂದರೆ ‘ತೇಜ್ ಚಲ್’ ವೇಗದಲ್ಲಿ ಒಂದು ಇಡೀ ಹೆಜ್ಜೆ ತಡ. ಧ್ವನಿವರ್ಧಕದಿಂದ ವಾಪಸ್ ಬರುವ ತಮ್ಮದೇ ಸದ್ದನ್ನು ನಂಬಿದರೆ ಮಕ್ಕಳ ಕಾಲು ಎಡವುತ್ತದೆ. ಕಿವಿಗಿಂತ ಕಣ್ಣು ಮುಖ್ಯ: ಮುಂದಿನವರು ಬ್ಯಾಂಡ್ ಮೇಜರ್‌ನ ಮೇಸ್ ನೋಡಲಿ, ಹಿಂದಿನವರು ಮುಂದಿನವರ ಎಡಗಾಲಿನ ಹಿಮ್ಮಡಿ ನೋಡಲಿ.

ಸಾಮಾನಿನ ವಿಷಯ ಹೆಚ್ಚಿಲ್ಲ. ಎರಡು ಜೊತೆ ಡ್ರಮ್ ಕಡ್ಡಿ ಜಾಸ್ತಿ ಇರಲಿ, ಬೆಲ್ಟಿನ ಉದ್ದ ಮುಂಚೆಯೇ ಸರಿಮಾಡಿ, ಹೊಸ ಶೂ ಆ ದಿನ ಹಾಕಿಸಬೇಡಿ. ಕಾಲು ಬೊಬ್ಬೆ ಬಂದರೆ ಯಾವ ತಾಲೀಮೂ ಕೆಲಸಕ್ಕೆ ಬರಲ್ಲ.

ಪರೇಡ್ ದಿನ ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ತಂಡಗಳು ಕತ್ತಲಲ್ಲೇ ಹೊರಡಬೇಕು. ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಕರೆತರಬೇಡಿ. ಎರಡು ಇಡ್ಲಿ, ನೀರು ಸಾಕು. ಜನವರಿಯ ಚಳಿಗೆ ಹಿತ್ತಾಳೆ ವಾದ್ಯಗಳ ಶ್ರುತಿ ಇಳಿಯುತ್ತದೆ. ನುಡಿಸುವ ಮುಂಚೆ ಒಳಗೆ ಬೆಚ್ಚಗಿನ ಉಸಿರು ಊದಿ ಬಿಸಿ ಮಾಡಿಕೊಳ್ಳಲಿ. ಭಾಷಣ ಉದ್ದವಾದರೆ ಸಾವಧಾನದಲ್ಲಿ ನಿಂತವರಿಗೆ ತಲೆ ಸುತ್ತುವುದುಂಟು. ಮೊಣಕಾಲು ಬಿಗಿ ಹಿಡಿದು ನಿಂತರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಮೊಣಕಾಲು ಸ್ವಲ್ಪ ಸಡಿಲ ಬಿಟ್ಟು, ಶೂ ಒಳಗೆ ಬೆರಳು ಆಡಿಸುತ್ತಾ ಇರಲು ಹೇಳಿಕೊಡಿ. ತಲೆ ಸುತ್ತಿದವರು ಕೂತುಕೊಳ್ಳಲಿ, ಅದಕ್ಕೆ ಯಾರೂ ಬೈಯಬೇಡಿ.

ವೇದಿಕೆ ದಾಟಿದ ಮೇಲೂ ಗೇಟಿನ ತನಕ ಸಾಲು ಬಿಡಬಾರದು. ಬಸ್ ಹತ್ತುವ ಮುಂಚೆ ಮೌತ್‌ಪೀಸ್‌ಗಳನ್ನು ಎಣಿಸಿಕೊಳ್ಳಿ, ಜಾಸ್ತಿ ಕಳೆಯುವುದು ಅವೇ.